ಹಲ್ಲಕ್ಕ ಮರಿ ಸಾಕಿದ್ದು

ಆ ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಇಬ್ಬರು ದಂತವೈದ್ಯರು ರೋಗಿಗಳ ಬೋಳು ವಸಡಿನ ಅಚ್ಚು ತೆಗೆದು ಕಳಿಸುತ್ತಿದ್ದರು. ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅವಳು ಗುಲಾಬಿ ಮೇಣದ ಮೇಲೆ ಒಂದೊಂದೇ ಹಲ್ಲು ನೆಟ್ಟು, ಬೇಯಿಸಿ, ತಿಕ್ಕಿ, ಹೊಳಪು ಕೊಟ್ಟು, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ತಲುಪಿಸಿ ಬರುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಮಾತನಾಡಿಸಿದರೆ ಅವಳು ಅವರ ಕಣ್ಣು ನೋಡುತ್ತಿರಲಿಲ್ಲ, ಮೇಲಿನ ಹಲ್ಲಿನ ಸಾಲು ನೋಡುತ್ತಿದ್ದಳು. ಅಚ್ಚು ಹುಯ್ಯುವ ಪ್ಲಾಸ್ಟರಿನ ಬಿಳಿ ಪುಡಿ ಅವಳ ಹುಬ್ಬಿನಲ್ಲಿ ಸದಾ ಕೂತಿರುತ್ತಿದ್ದುದರಿಂದ ವಯಸ್ಸು ನಲವತ್ತೈದೋ ಅರವತ್ತೋ ಎಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ.

ಮನೆಯಲ್ಲಿ ಅವಳು, ಅಮ್ಮ, ಇಬ್ಬರೇ. ಅಮ್ಮ ಟೆಲಿಫೋನ್ ಕಚೇರಿಯಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ತನ್ನ ದನಿಗೆ ಮರುಳಾಗಿ ಇಬ್ಬರು ಮುಖ ನೋಡದೆಯೇ ಮದುವೆಯಾಗಲು ಬಂದಿದ್ದರು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಸೊಂಟ ಮುರಿದ ಮೇಲೆ ಕಿಟಕಿ ಪಕ್ಕದ ಕುರ್ಚಿಯೇ ಅವಳ ಕಚೇರಿ, ಕೈಗೆಟಕುವ ಫೋನೇ ಅವಳ ಕೆಲಸ. ನಾಲಿಗೆಗೆ ಮಾತ್ರ ಯಾವ ಊನವೂ ಆಗಿರಲಿಲ್ಲ. ಹಿಂದೊಮ್ಮೆ ಹಲ್ಲಕ್ಕನನ್ನು ನೋಡಲು ಒಬ್ಬ ಔಷಧಿ ಅಂಗಡಿಯವನು ಬಂದಿದ್ದ. ಒಳ್ಳೆಯ ಮನುಷ್ಯ. ಹಲ್ಲಕ್ಕ ಟೀ ತಂದಿಟ್ಟಾಗ ಅಮ್ಮ ನಗುನಗುತ್ತಲೇ, "ಕುಡೀರಿ, ಕುಡೀರಿ. ಕೈ ತೊಳೆದೇ ಮಾಡಿದಾಳೆ. ದಿನವಿಡೀ ಊರವರ ಎಂಜಲಲ್ಲೇ ಇರತ್ತೆ ನೋಡಿ ಆ ಕೈ" ಎಂದಿದ್ದಳು. ಟೀ ಲೋಟದಲ್ಲೇ ಆರಿತು. ಅವನು ಮತ್ತೆ ಬರಲಿಲ್ಲ. ಬೇರೆ ಯಾರೂ ಬರಲಿಲ್ಲ.

ಮರಿಯನ್ನು ತಂದವಳು ತಂಗಿ. ಅವಳ ಮನೆ ಊರಿನ ಇನ್ನೊಂದು ತುದಿಯಲ್ಲಿ; ಗಂಡ, ಇಬ್ಬರು ಮಕ್ಕಳು, ಹೊಸ ಸೋಫಾ. ಒಂದು ಭಾನುವಾರ ರಟ್ಟಿನ ಪೆಟ್ಟಿಗೆ ಹೊತ್ತು ಬಂದು ಅಮ್ಮನ ಕಾಲ ಬಳಿ ಇಟ್ಟಳು. ಒಳಗೆ ಕಂದು ಬಣ್ಣದ, ಹೊಟ್ಟೆ ಉಬ್ಬಿದ, ಕಿವಿ ಜೋತ ಒಂದು ಜೀವ.

"ಅಮ್ಮಂಗೆ ಜೊತೆ ಆಗತ್ತೆ ಅಂತ ತಂದೆ ಕಣೇ" ಎಂದಳು.

"ಮಕ್ಕಳಿಗೆ ಅಂತ ತಗೊಂಡಿದ್ದು ಅಲ್ವಾ ಇದು? ಹೋದ ವಾರ ನೀನೇ ಫೋಟೋ ಕಳಿಸಿದ್ದೆ."

"ಮಕ್ಕಳು ಸ್ಕೂಲಿಗೆ ಹೋಗ್ತವೆ, ನಾನು ಆಫೀಸಿಗೆ. ನೀನಾದ್ರೆ ಮನೇಲೇ ಇರ್ತೀಯಲ್ಲ."

ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ಕೆಲಸವೇ ಇರುವುದಿಲ್ಲ ಎಂದು ಆ ಮನೆಯಲ್ಲಿ ಮೊದಲಿನಿಂದಲೂ ತೀರ್ಮಾನವಾಗಿತ್ತು. ಅಮ್ಮ ಮರಿಯನ್ನು ಮಡಿಲಿಗೆ ಎತ್ತಿಕೊಂಡು "ಚಿನ್ನ" ಎಂದು ಹೆಸರಿಟ್ಟಳು. ಅವಳ ಸೀರೆಯ ಮೇಲೆಯೇ ಅದು ಉಚ್ಚೆ ಹೊಯ್ದಿತು. "ಒರೆಸೇ" ಎಂದಳು ಹಲ್ಲಕ್ಕನಿಗೆ.

ಅಂದು ಶುರುವಾದ ಒರೆಸುವುದು ನಿಲ್ಲಲೇ ಇಲ್ಲ. ಹೊರಗೆ ಕರೆದುಕೊಂಡು ಹೋದರೆ ಮರಿ ಎಲೆ ನೋಡುತ್ತಿತ್ತು, ಇರುವೆ ನೋಡುತ್ತಿತ್ತು, ಗಾಳಿಗೆ ಮೂಗೊಡ್ಡಿ ಋಷಿಯ ಹಾಗೆ ಕೂರುತ್ತಿತ್ತು. ವಾಪಸು ಬಂದು ಬಾಗಿಲು ಹಾಕಿದ ಕೂಡಲೇ ಚಾಪೆಯ ಮೇಲೆ ಕೆಲಸ ಮುಗಿಸುತ್ತಿತ್ತು. ರಾತ್ರಿಯೆಲ್ಲ ಕುಂಯ್ ಕುಂಯ್. ಹಲ್ಲಕ್ಕನ ಕಣಕಾಲುಗಳಲ್ಲಿ ಸೂಜಿ ಚುಚ್ಚಿದಂಥ ಗಾಯಗಳು. ಕೋಣೆಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತರೆ ಬಾಗಿಲ ಬುಡ ಕೆರೆಯುತ್ತಿತ್ತು. ತೆರೆದಿಟ್ಟರೆ ಮೇಣ ನುಂಗುತ್ತಿತ್ತು. ನಿದ್ದೆಗೆಟ್ಟು ಅವಳು ಒಂದು ಸೆಟ್ಟಿನ ಎಡ ದವಡೆಯ ಹಲ್ಲುಗಳನ್ನು ಬಲಕ್ಕೆ ನೆಟ್ಟು ಕಳಿಸಿಬಿಟ್ಟಳು. "ಏನಮ್ಮ, ಇದನ್ನ ಹಾಕ್ಕೊಂಡ್ರೆ ಆ ಮುದುಕ ತನ್ನ ಕೆನ್ನೇನೇ ಅಗೀಬೇಕು" ಎಂದು ವೈದ್ಯರು ಎಲ್ಲರೆದುರು ನಕ್ಕರು.

ಎಲ್ಲಕ್ಕಿಂತ ಮಿಗಿಲಾದ ಕಾಟ ಅಮ್ಮನದು. ಹಲ್ಲಕ್ಕ ಬೇಡವೆಂದಿದ್ದನ್ನೆಲ್ಲ ಅಮ್ಮ ಬೇಕೆನ್ನುತ್ತಿದ್ದಳು. ಊಟದ ಹೊತ್ತಿಗೆ ಮಾತ್ರ ತಿನ್ನಿಸಬೇಕು ಎಂದರೆ ಇಡೀ ದಿನ ಬಿಸ್ಕತ್ತು ಚೆಲ್ಲುತ್ತಿದ್ದಳು. "ಕೂತ್ಕೋ" ಎಂದು ಹಲ್ಲಕ್ಕ ಹೇಳಿಕೊಟ್ಟು, ಮರಿ ಹಿಂಭಾಗವನ್ನು ಇನ್ನೇನು ನೆಲಕ್ಕಿಡಬೇಕು ಎನ್ನುವಾಗ ಕುರ್ಚಿಯಿಂದ ಆ ಸಕ್ಕರೆಯಂಥ ದನಿ ಕೇಳುತ್ತಿತ್ತು: "ಚಿನ್ನಾ, ಬಾರೋ ಇಲ್ಲಿ." ಮರಿ ಓಡುತ್ತಿತ್ತು. ಅದರ ಬಾಯಿಗೆ ಬಿಸ್ಕತ್ತು, ಇವಳ ಕೈಗೆ ಒರೆಸುವ ಬಟ್ಟೆ. ಚಿನ್ನ ಎಂದು ಕರೆಯಲು ಹಲ್ಲಕ್ಕನಿಗೆ ಬಾಯಿ ಬರುತ್ತಿರಲಿಲ್ಲ. ಅವಳು ಪೀಡೆ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ತಿಕ್ಕಿ ಮುಗಿಸಿದ್ದ ಮೇಲಿನ ಸಾಲೊಂದನ್ನು ಮರಿ ಕಚ್ಚಿಕೊಂಡು ಮಂಚದಡಿ ಹೊಕ್ಕಿತು. ಹಲ್ಲಕ್ಕ ಹಿಂಗಾಲು ಹಿಡಿದು ಎಳೆದಳು. ಸಾಲನ್ನು ಕಿತ್ತುಕೊಂಡ ಮೇಲೂ ಅದರ ಮೂತಿಯನ್ನು ಬಿಡಲಿಲ್ಲ. ಅದುಮಿದಳು. ಇನ್ನಷ್ಟು ಅದುಮಿದಳು. ಮರಿ ಮೂಗಿನಲ್ಲೇ ಕೀರಲು ದನಿ ಹೊರಡಿಸಿತು, ಕಣ್ಣು ಬಿಳಿಯಾಯಿತು. ಆಗ ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂಥ ಹಾಯೆನಿಸಿತು. ಆ ಹಾಯಿಗೇ ಹೆದರಿ ಕೈ ಬಿಟ್ಟಳು.

ಅಮ್ಮ ಕುರ್ಚಿಯಿಂದ ಎಲ್ಲವನ್ನೂ ನೋಡಿದ್ದಳು. "ಯಾಕೆ ನಿಲ್ಲಿಸ್ದೆ? ಹೊಡಿ. ನಿಮ್ಮಪ್ಪನ ಕೈ ಯಾರಿಗೂ ಬರಲಿಲ್ಲ ಅನ್ಕೊಂಡಿದ್ದೆ. ನಿನಗೇ ಬಂದಿದೆ."

ಇದಾಗಿ ಕೆಲವೇ ದಿನಕ್ಕೆ ಮರಿ ಅಮ್ಮನ ಹಲ್ಲು ತಿಂದಿತು. ಅಮ್ಮನ ಎರಡೂ ಸಾಲು ಕಟ್ಟುಹಲ್ಲು. ಮಗಳೇ ಮಾಡಿಕೊಟ್ಟದ್ದು, ವಯಸ್ಸಿಗೆ ಮೀರಿದ ಬಿಳುಪೇ ಬೇಕೆಂದು ಅಮ್ಮ ಹಟ ಹಿಡಿದು ಮಾಡಿಸಿಕೊಂಡದ್ದು. ಮಧ್ಯಾಹ್ನ ಮಲಗುವಾಗ ಅವನ್ನು ತೆಗೆದು ಲೋಟದ ನೀರಲ್ಲಿ ಹಾಕಿ ಸ್ಟೂಲಿನ ಮೇಲಿಡುತ್ತಿದ್ದಳು. ಮರಿ ಸ್ಟೂಲು ಬೀಳಿಸಿತು. ಹಲ್ಲಕ್ಕ ಬಂದು ನೋಡುವಾಗ ಮೇಲಿನ ಸಾಲು ಎರಡು ಹೋಳು, ಕೆಳಗಿನದು ಗುರುತೇ ಸಿಗದ ಹಾಗೆ ನುಚ್ಚುನೂರು. ಮರಿ ಬಾಲ ಆಡಿಸುತ್ತ ಅಗಿಯುತ್ತಿತ್ತು.

ಅಮ್ಮನಿಗೆ ಎಚ್ಚರವಾಯಿತು. ಕೆನ್ನೆಗಳು ಒಳಕ್ಕೆ ಎಳೆದುಕೊಂಡಿದ್ದವು, ಗಲ್ಲ ಮೂಗಿನ ಹತ್ತಿರ ಬಂದಿತ್ತು. "ಹೊಹದು ಮಾಡ್ಕೊಡು" ಎಂದಳು. ಸಕಾರ ಬಾಯಲ್ಲಿ ನಿಲ್ಲಲಿಲ್ಲ. ಗಾಳಿ ಮಾತ್ರ ಬಂತು.

"ಏನಮ್ಮ? ಕೇಳಿಸ್ಲಿಲ್ಲ."

"ಹೊಹದು! ಹಲ್ಲು!"

"ಮಾಡೋಣ ಬಿಡು" ಎಂದಳು ಹಲ್ಲಕ್ಕ.

ಅಮ್ಮನ ವಸಡಿನ ಅಚ್ಚು ಕೋಣೆಯ ಶೆಲ್ಫಿನಲ್ಲೇ ಇತ್ತು. ಮನಸ್ಸು ಮಾಡಿದ್ದರೆ ವಾರದೊಳಗೆ ಮುಗಿಯುವ ಕೆಲಸ. ಅವಳು ಮನಸ್ಸು ಮಾಡಲಿಲ್ಲ. ಮೊದಲು ವೈದ್ಯರ ಕೆಲಸ ತುರ್ತು ಎಂದಳು. ಆಮೇಲೆ ಪ್ಲಾಸ್ಟರ್ ಮುಗಿದಿದೆ ಎಂದಳು. ಆಮೇಲೆ ಅಮ್ಮನ ಬಾಯಿ ತೆರೆಸಿ ಬೆರಳಿಟ್ಟು, "ವಸಡು ಊದಿದೆ, ಇಳೀಲಿ" ಎಂದಳು. ವಸಡು ಊದಿರಲಿಲ್ಲ. ಹಾಲಲ್ಲಿ ನೆನೆಸಿದ ಬ್ರೆಡ್ಡು, ಹಿಸುಕಿದ ಬಾಳೆಹಣ್ಣು ಅಮ್ಮನ ಮುಂದಿಟ್ಟು ಬಾಗಿಲು ಹಾಕಿಕೊಂಡು ಊರವರ ಹಲ್ಲು ಮಾಡುತ್ತಿದ್ದಳು. ತಿಕ್ಕುವ ಯಂತ್ರದ ಸದ್ದು ಅಮ್ಮನಿಗೆ ಕೇಳುತ್ತಿತ್ತು. ಕೇಳಲಿ ಎಂದೇ ಒಂದೆರಡು ಸಲ ಖಾಲಿ ಯಂತ್ರವನ್ನೂ ತಿರುಗಿಸಿದ್ದುಂಟು.

ಅಮ್ಮ ಫೋನು ಮುಟ್ಟುವುದು ನಿಂತಿತು. ಆ ದನಿಯಲ್ಲಿ ಯಾರೊಡನೆ ಮಾತಾಡುವುದು? ತಂಗಿ ಕರೆ ಮಾಡಿದರೆ ಹಲ್ಲಕ್ಕನೇ ಎತ್ತಿಕೊಂಡು "ಅಮ್ಮ ಮಲಗಿದಾಳೆ" ಎನ್ನುತ್ತಿದ್ದಳು. ಅಮ್ಮ ಎದುರಲ್ಲೇ ಕಣ್ಣು ಬಿಟ್ಟು ಕೂತಿರುತ್ತಿದ್ದಳು. ಇಷ್ಟು ಸಾಲದೆಂಬಂತೆ, ಟೆಲಿಫೋನ್ ಕಚೇರಿಯ ಹಳೆಯ ಗೆಳತಿಯೊಬ್ಬಳು ಬೀದಿಯಲ್ಲಿ ಸಿಕ್ಕಾಗ ಹಲ್ಲಕ್ಕ ಅವಳನ್ನು ಒತ್ತಾಯ ಮಾಡಿ ಮನೆಗೆ ಕರೆತಂದಳು. ಅಮ್ಮ ಟವೆಲಿನಿಂದ ಬಾಯಿ ಮುಚ್ಚಿಕೊಂಡಳು. ಹಲ್ಲಕ್ಕ ತಟ್ಟೆಯಲ್ಲಿ ಗಟ್ಟಿ ಬಿಸ್ಕತ್ತು ತಂದು ಇಬ್ಬರ ನಡುವೆ ಇಟ್ಟಳು.

"ಏನೇ ಇದು, ನೂರು ಲೈನು ಒಟ್ಟಿಗೆ ನಿಭಾಯಿಸ್ತಿದ್ದವಳು! ಒಂದು ಮಾತಾದ್ರೂ ಆಡೇ" ಎಂದಳು ಗೆಳತಿ.

ಅಮ್ಮ ತಲೆಯಾಡಿಸಿದಳು. ಕಣ್ಣಿನಿಂದ ನೀರು ಟವೆಲಿಗೆ ಇಳಿಯಿತು. ಹಲ್ಲಕ್ಕ ಅದನ್ನು ನೋಡಿದಳು. ನೋಡಿ, ಗೆಳತಿಗೆ "ಇನ್ನೊಂದು ತಗೊಳ್ಳಿ" ಎಂದು ತಟ್ಟೆ ಮುಂದೆ ಹಿಡಿದಳು.

ಆ ಮೌನದಲ್ಲಿ ಮರಿ ತಿದ್ದಿಕೊಂಡಿತು. "ಹಿನ್ನಾ" ಎಂದು ಅಮ್ಮ ಕರೆದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಕಿವಿ ಓರೆ ಮಾಡಿ ನೋಡಿ ಸುಮ್ಮನಾಗುತ್ತಿತ್ತು. ಈಗ ಮನೆಯಲ್ಲಿದ್ದದ್ದು ಒಂದೇ ದನಿ. ಬೆಳಿಗ್ಗೆ ಎದ್ದ ಕೂಡಲೇ ಹೊರಗೆ, ತಿಂದ ಮೇಲೆ ಹೊರಗೆ, ಮಲಗಿ ಎದ್ದರೆ ಹೊರಗೆ. ಹೊರಗೆ ಮಾಡಿದರೆ ಬೆನ್ನು ಸವರುವುದು, ಒಳಗೆ ಮಾಡಿದರೆ ಮಾತಿಲ್ಲದೆ ಒರೆಸುವುದು. ಒಂದು ದಿನ ನೆಲ ಗುಡಿಸುವಾಗ ಅಕ್ಕಿಕಾಳಿನಷ್ಟು ಪುಟ್ಟದೊಂದು ಹಾಲುಹಲ್ಲು ಸಿಕ್ಕಿತು. ಹಲ್ಲಕ್ಕ ಅದನ್ನು ಭೂತಗನ್ನಡಿಯ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ಅಷ್ಟು ಚೂಪಾದ, ಅಷ್ಟು ಅಚ್ಚುಕಟ್ಟಾದ ಹಲ್ಲನ್ನು ಅವಳು ಜೀವಮಾನದಲ್ಲಿ ಮಾಡಿರಲಿಲ್ಲ. ಆಮೇಲೆ ಮರಿಯ ತುಟಿ ಎತ್ತಿ ನೋಡಿದಳು. ವಸಡು ಕೆಂಪಗೆ ಕುದಿಯುತ್ತಿತ್ತು. ಇಷ್ಟು ದಿನ ಕಚ್ಚಿದ್ದೆಲ್ಲ ಈ ನೋವಿಗೇ. ಬಟ್ಟೆ ಒದ್ದೆ ಮಾಡಿ, ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಮೇಲೆ ಅದರ ಬಾಯಿಗೆ ಕೊಟ್ಟಳು. ಅದು ಅವಳ ಪಾದದ ಮೇಲೆ ಗದ್ದ ಊರಿ ಅಗಿಯುತ್ತ ಅಗಿಯುತ್ತ ನಿದ್ದೆ ಹೋಯಿತು. ಕಾಲು ಜೋಮು ಹಿಡಿದರೂ ಅವಳು ಕದಲಲಿಲ್ಲ.

ಅಲ್ಲಿಂದ ಮುಂದೆ ಅವರಿಬ್ಬರೂ ಒಂದಾದರು. "ಪೀಡೆ" ಎಂದರೆ ಸಾಕು, ಯಾವ ಮೂಲೆಯಲ್ಲಿದ್ದರೂ ಉರುಳಿಕೊಂಡು ಬರುತ್ತಿತ್ತು. ಯಂತ್ರ ತಿರುಗುವಾಗ ಬಾಗಿಲಾಚೆ ಮಲಗಿರುತ್ತಿತ್ತು, ನಿಂತ ಕೂಡಲೇ ಎದ್ದು ಮೈಮುರಿಯುತ್ತಿತ್ತು. ಬೀದಿಯಲ್ಲಿ ಹಗ್ಗ ಎಳೆಯದೆ ಅವಳ ಪಕ್ಕದಲ್ಲೇ ನಡೆಯುತ್ತಿತ್ತು. ಹಲ್ಲಕ್ಕನಿಗೆ ರಾತ್ರಿ ನಿದ್ದೆ ಬರತೊಡಗಿತು, ಹೊಟ್ಟೆ ತುಂಬ ಊಟ ಸೇರತೊಡಗಿತು. ಮನಸ್ಸು ತುಂಬಿದ್ದರಿಂದಲೇ ಇರಬೇಕು, ಒಂದು ಬೆಳಿಗ್ಗೆ ಅಮ್ಮನ ಎದುರು ಕೂತು "ಬಾಯಿ ತೆಗಿ" ಎಂದಳು.

ಮೇಣದ ಸಾಲಿಟ್ಟು ಕಚ್ಚಿಸಿದಳು. ತುಟಿಯ ಮೂಲೆ ಎತ್ತಿ, ಬೆರಳಿಂದ ಕೆನ್ನೆ ಸರಿಸಿ, ಗೆರೆ ಎಳೆದಳು. ಅಮ್ಮನ ಬೆಚ್ಚಗಿನ ಉಸಿರು ಅವಳ ಮುಂಗೈಗೆ ತಾಕಿತು. ಅಮ್ಮ ತಕರಾರಿಲ್ಲದೆ, ಮಗುವಿನ ಹಾಗೆ, ಹೇಳಿದಷ್ಟು ಬಾಯಿ ತೆರೆದಳು, ಹೇಳಿದಾಗ ಮುಚ್ಚಿದಳು. ಆ ಸೆಟ್ಟನ್ನು ಹಲ್ಲಕ್ಕ ತನ್ನೆಲ್ಲ ಕೈಚಳಕ ಹಾಕಿ ಮಾಡಿದಳು.

ಅಮ್ಮ ಅದನ್ನು ತೊಟ್ಟು ಕನ್ನಡಿ ನೋಡಿಕೊಂಡಳು. "ಸಕ್ಕರೆ. ಚಮಚ. ಸೀಸೆ" ಎಂದು ಹೇಳಿ ನೋಡಿದಳು. ಒಂದಕ್ಷರವೂ ಜಾರಲಿಲ್ಲ. "ಚೆನ್ನಾಗಿ ಮಾಡಿದೀಯ" ಎಂದಳು. ಹುಟ್ಟಿದಾಗಿನಿಂದ ಹಲ್ಲಕ್ಕ ಆ ಬಾಯಿಂದ ಅಂಥ ಮಾತು ಕೇಳಿರಲಿಲ್ಲ. ಕೋಣೆಗೆ ಹೋಗಿ, ಒರೆಸಿಟ್ಟಿದ್ದ ಮೇಜನ್ನೇ ಮತ್ತೊಮ್ಮೆ ಒರೆಸಿದಳು.

ಮರುದಿನ ಅವಳು ವೈದ್ಯರಿಗೆ ಡಬ್ಬಿಗಳನ್ನು ತಲುಪಿಸಿ ಬರುವಷ್ಟರಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲಿ ಹಗ್ಗವಿರಲಿಲ್ಲ. ನೀರಿನ ಬಟ್ಟಲಿರಲಿಲ್ಲ. ಅಮ್ಮ ಫೋನಿನ ಪಕ್ಕ ನೆಟ್ಟಗೆ ಕೂತಿದ್ದಳು.

"ಎಲ್ಲಿ ಅದು?"

"ಕಳಿಸ್ದೆ. ನಿನ್ನ ತಂಗಿಗೆ ಫೋನ್ ಮಾಡಿ, ಮರಿ ಪಳಗಿದೆ, ಈಗ ಬಂದು ತಗೊಂಡು ಹೋಗು ಅಂದೆ. ಅವಳ ನಾಯಿ, ಅವಳು ಒಯ್ದಳು. ಮಕ್ಕಳು ಕುಣಿದಾಡಿಬಿಟ್ವಂತೆ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಏನು?" ಅಮ್ಮ ಕಿವಿಯ ಹಿಂದೆ ಕೈ ಇಟ್ಟುಕೊಂಡಳು. ಹೊಸ ಹಲ್ಲುಗಳು ಒಂದೇ ಸಾಲಾಗಿ ಹೊಳೆದವು. "ಏನಂದೆ? ಕೇಳಿಸ್ಲಿಲ್ಲ."

ಮೂರು ದಿನಕ್ಕೇ ತಂಗಿಯ ಫೋನು ಬಂತು. ಮರಿ ಸೋಫಾದ ಮೇಲೆ ಹೊಯ್ಯುತ್ತದೆ, ಬಾಗಿಲ ಬಳಿ ಕೂತು ಊಳಿಡುತ್ತದೆ, ಚಿಕ್ಕವನ ಕೈ ಕಚ್ಚಿದೆ. "ಟಾಫಿ ಅಂತ ಹೆಸರಿಟ್ಟಿದೀವಿ ಕಣೇ, ತಿರುಗೀನೂ ನೋಡಲ್ಲ. ಚಿನ್ನ ಅಂದ್ರೂ ಇಲ್ಲ. ನೀನು ಏನಂತ ಕರೀತಿದ್ದೆ?"

ಹಲ್ಲಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ನಾನು ಹೆಸರೇ ಇಟ್ಟಿರ್ಲಿಲ್ಲ" ಎಂದಳು.

"ಹಾಗಾದ್ರೆ ಒಂದೆರಡು ತಿಂಗಳು ವಾಪಸ್ ಇಟ್ಕೋತೀಯಾ? ಮತ್ತೆ ಸರಿ ಮಾಡಿ ಕೊಡು. ನಿನಗೆ ಹೇಗೂ ಅಭ್ಯಾಸ ಆಗಿದೆ."

ಮರಿ ಬರುತ್ತದೆ ಎನ್ನುವಷ್ಟಕ್ಕೇ ಅವಳ ಬಾಯಲ್ಲಿ ಹೂಂ ಬಂದಿತ್ತು. 'ಕೊಡು' ಎಂಬ ಮಾತು ಕಿವಿಗೆ ಬಿದ್ದು ಅದು ಹಿಂದೆ ಹೋಯಿತು. "ನಿನ್ನ ನಾಯಿ, ನೀನೇ ಸಾಕು" ಎಂದು ಇಟ್ಟುಬಿಟ್ಟಳು. ಕುರ್ಚಿಯಲ್ಲಿ ಅಮ್ಮ ನಕ್ಕಳು.

ಅವರು ಅದನ್ನು ಬಾಲ್ಕನಿಯಲ್ಲಿ ಕಟ್ಟಿಹಾಕಿದ್ದಾರೆಂದು ಆಮೇಲೆ ತಿಳಿಯಿತು. ಪಕ್ಕದ ಮನೆಯವರು ಗಲಾಟೆ ಮಾಡಿದ ಮೇಲೆ ತಂಗಿಯ ಗಂಡ ಅದನ್ನು ಯಾರಿಗೋ ಕೊಟ್ಟುಬಿಟ್ಟನೆಂದೂ ತಿಳಿಯಿತು. ಹಲ್ಲಕ್ಕ ಯಾರಿಗೆ ಎಂದು ಕೇಳಲಿಲ್ಲ. ಕೇಳಿದರೆ ತನಗೆ ಬೇಕಿತ್ತೆಂದು ಅವರಿಗೆ ಗೊತ್ತಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ, ಬಸ್ಸು ದಾರಿ ಬದಲಿಸಿದ್ದರಿಂದ ಅವಳು ಗೋದಾಮುಗಳ ಬೀದಿಯಲ್ಲಿ ನಡೆದು ಹೋಗಬೇಕಾಯಿತು. ಹಳೇ ಕಬ್ಬಿಣ ಪೇರಿಸಿಟ್ಟ ಒಂದು ಅಂಗಳದ ಗೇಟಿನೊಳಗೆ ಕಂದು ನಾಯಿ ಸರಪಳಿಯಲ್ಲಿತ್ತು. ಎತ್ತರಕ್ಕೆ ಬೆಳೆದಿತ್ತು, ಪಕ್ಕೆಲುಬುಗಳು ಎದ್ದಿದ್ದವು, ಕುತ್ತಿಗೆಯ ಸುತ್ತ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತಿತು. ಬೊಗಳಲಿಲ್ಲ. ಮೊದಲು ಬಾಲ, ಆಮೇಲೆ ಸೊಂಟ, ಆಮೇಲೆ ಇಡೀ ಮೈ ಆಡತೊಡಗಿತು. ಸರಪಳಿ ಬಿಗಿಯಾಗುವವರೆಗೆ ಮುಂದೆ ಬಂದು, ಉಸಿರು ಕಟ್ಟಿ ಕೆಮ್ಮುತ್ತ ನಿಂತಿತು.

ಕಾವಲುಗಾರ ಬಂದ. "ದೂರ ನಿಲ್ಲಿ, ಕಚ್ಚತ್ತೆ. ನಮ್ಮ ಧಣೀನೂ ಬಿಟ್ಟಿಲ್ಲ." ನಾಯಿಯನ್ನು ನೋಡಿ ಅವನೇ ಬೆರಗಾದ. "ಅರೆ! ನಿಮಗೆ ಗೊತ್ತಾ ಇದು?"

"ಇಲ್ಲ."

"ಬೇಕಾದ್ರೆ ಬಿಚ್ಚಿ ಒಯ್ಯಿರಿ. ಕೇಳೋರು ಯಾರೂ ಇಲ್ಲ."

ಹಲ್ಲಕ್ಕ ಗೇಟಿನ ಸರಳೊಂದನ್ನು ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಹತ್ತಿ ಸುತ್ತಿದ ಡಬ್ಬಿ. ಮನೆಯ ಕುರ್ಚಿ, ಅದರ ಪಕ್ಕದ ಫೋನು, ಹೊಳೆಯುವ ಆ ಸಾಲು ಕಣ್ಣಮುಂದೆ ಬಂದವು.

"ಬೇಡ. ಮನೇಲಿ ಅಮ್ಮ ಇದಾರೆ" ಎಂದಳು.

ತಿರುವು ದಾಟುವವರೆಗೂ ಸರಪಳಿಯ ಸದ್ದು ಕೇಳುತ್ತಿತ್ತು. ಕಾವಲುಗಾರ ಏನೋ ಕೂಗಿದ, ಕೋಲಿನ ಏಟಿನ ಸದ್ದಾಯಿತು. ವೈದ್ಯರ ಬಳಿ ಹೋಗಿ ಡಬ್ಬಿ ಕೊಟ್ಟಳು. ಮುದುಕಿಯೊಬ್ಬಳು ಹಲ್ಲು ತೊಟ್ಟು, ಕಾಲಿಗೆ ಬೀಳುವಷ್ಟು ಸಂತೋಷಪಟ್ಟಳು. ಸಂಜೆ ಮನೆಗೆ ಬಂದಾಗ ಅಮ್ಮ, "ಯಾಕೆ ಇಷ್ಟು ಹೊತ್ತು?" ಎಂದು ಕೇಳಿದಳು.

"ಬಸ್ಸು ಬೇರೆ ದಾರೀಲಿ ಹೋಯ್ತು" ಎಂದು ಹಲ್ಲಕ್ಕ ಕೈ ತೊಳೆಯಲು ಹೋದಳು.