ಇಳಿದ ಕಾಮಾಲೆಯ ಹೆಸರು

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ನಾನು ಬರೆಯುತ್ತೇನೆ. ಚೆನ್ನಯ್ಯ. ಮಳೆ ಬರುವ ಮೊದಲು ಕೋಟೇಶ್ವರದ ಸುತ್ತಿನ ಮನೆಗಳ ಮಾಡು ಹತ್ತಿ ಒಡೆದ ಹಂಚು ಬದಲಿಸುವ ಕೆಲಸ. ಒಂದು ಸಲವೂ ಕಾಲು ಜಾರಿದವರಲ್ಲ. ಹೋದ ಮಾರ್ನಮಿ ಕಳೆದ ಮೇಲೆ ತೀರಿಕೊಂಡರು. ಐವತ್ತೊಂದು ವರ್ಷ.

ನಮ್ಮದು ಕಾಮಾಲೆಗೆ ಮದ್ದು ಕೊಡುವ ಮನೆ. ನನ್ನ ತಾಯಿ, ಅಬ್ಬಿ, ಕೊಡುತ್ತಿದ್ದಳು, ಅವಳ ನಂತರ ನಾನು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ, ಮೂರು ಬೆಳಿಗ್ಗೆ. ಉಪ್ಪು, ಎಣ್ಣೆ, ಮೀನು ಇಲ್ಲ. ಇಳಿದ ಮೇಲೆ ಕಾಯಿಲೆಯ ಹೆಸರು ಎತ್ತಬಾರದು, ಎತ್ತಿದರೆ ತಿರುಗಿ ಬರುತ್ತದೆ. ಅದು ಅಬ್ಬಿ ಹಾಕಿದ ಕಟ್ಟು.

ಇವರನ್ನು ಮೊದಲು ನೋಡಿದ್ದೇ ಹಾಗೆ. ಅರಶಿನದಂಥ ಕಣ್ಣು ಬಿಟ್ಟುಕೊಂಡು ನಮ್ಮ ಜಗಲಿಯಲ್ಲಿ ಕೂತಿದ್ದರು. ಮದುವೆಯಾದ ಮೇಲೆ ಇನ್ನೂ ಮೂರು ಸಲ ಬಂತು. ಮೂರು ಸಲವೂ ನನ್ನ ಮದ್ದಿಗೆ ಇಳಿಯಿತು. ಹಾಗೆ ಅಂದುಕೊಂಡೆ.

ಆರು ವರ್ಷದ ಹಿಂದೆ ಇವರಿಗೆ ಹೊಟ್ಟೆನೋವು ಅಂತ ಡಾಕ್ಟ್ರ ಹತ್ತಿರ ಹೋದೆವು. "ಮೊದಲು ಕಾಮಾಲೆ ಆಗಿತ್ತಾ?" ಕೇಳಿದರು. ಇವರು ನನ್ನ ಮುಖ ನೋಡಿದರು. ನಾನು "ಇಲ್ಲ" ಅಂದೆ. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು.

ಕಳೆದ ಬೇಸಿಗೆಯಲ್ಲಿ ಮತ್ತೆ ಹಳದಿಯಾದರು. ಮೂರಲ್ಲ, ಒಂಬತ್ತು ದಿನ ಕೊಟ್ಟೆ. ಇಳಿಯಲಿಲ್ಲ. ಮೈಯೆಲ್ಲ ತುರಿಕೆ. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಹೇಳಿದರು: ಪಿತ್ತದ ನಾಳ ಹುಟ್ಟುವಾಗಲೇ ಸರಿ ಕೂಡಿಲ್ಲ, ಉಬ್ಬಿ ಚೀಲದ ಹಾಗೆ ಆಗಿದೆ. ಅದರಿಂದ ಪಿತ್ತಕೋಶದಲ್ಲಿ ಕ್ಯಾನ್ಸರ್, ಲಿವರಿಗೂ ಹೋಗಿದೆ. ಅಪರೂಪದ್ದು. ಮೊದಲೇ ಗೊತ್ತಾಗಿದ್ದರೆ ಆಪರೇಷನ್ ಮಾಡಬಹುದಿತ್ತು.

ಹೊರಗೆ ಬಂದು ಇವರು ನಕ್ಕರು. "ಹಂಚಿನ ತಪ್ಪಲ್ಲ ಮರಾಯ್ತಿ, ಮಾಡ್ ಕಟ್ಟಿದವನೇ ಓರೆ ಕಟ್ಟಿದ. ನೀ ಎಂತ ಮಾಡುಕ್ ಆತ್ತ್?"

ನಾನು "ಇಲ್ಲ" ಅಂದದ್ದನ್ನು ಸಾಯುವವರೆಗೆ ಅವರು ಎತ್ತಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹೋದ ವಾರ ಬೈಂದೂರಿನಿಂದ, ಅಬ್ಬಿಯ ಕಾಲದಿಂದ ಪರಿಚಯದ ಸರಸ ತನ್ನ ಮಗಳು ವಿನಯಾಳನ್ನು ಮದ್ದಿಗೆ ಕರೆದುಕೊಂಡು ಬಂದಳು. ಹುಡುಗಿಯ ಕಣ್ಣು ಹಳದಿ. "ಮೊದ್ಲೂ ಆಯಿತ್ತಾ ಮಗಾ?" ಕೇಳಿದೆ. ಹುಡುಗಿ ತಾಯಿಯ ಮುಖ ನೋಡಿದಳು. ನನಗೆ ಗೊತ್ತಾಯಿತು.

"ನನ್ ಗಂಡಂಗೆ ಐದ್ ಸಲ ಕಾಮಾಲೆ ಆಯಿತ್ತ್ ಸರಸ. ಮದ್ದ್ ಕೊಡುದಿಲ್ಲ. ಸ್ಕ್ಯಾನ್ ಮಾಡ್ಸ್."

"ಹ್ವಾಯ್ ಅಕ್ಕಾ, ಆ ಹೆಸ್ರ್ ಎತ್ತುಕಾಗ! ನಿಮ್ಮಬ್ಬಿ ಇದ್ದಿದ್ರೆ ಹೀಂಗೆ ಬರಿಗೈಲಿ ಕಳಿಸ್ತಿರ್ಲಿಲ್ಲ."

ಮಗಳ ಕೈ ಎಳೆದುಕೊಂಡು ಹೊರಟಳು. ರಸ್ತೆಯವರೆಗೆ ಹಿಂದೆ ಹೋಗಿ ಹೇಳಿದೆ. ಬಸ್ಸು ಹತ್ತಿದರು.

ನಾಲ್ಕು ದಿನದಿಂದ ಫೋನ್ ಮಾಡುತ್ತಿದ್ದೇನೆ. ಎತ್ತುವುದಿಲ್ಲ. ಬೈಂದೂರಿನಲ್ಲೂ ಮದ್ದು ಕೊಡುವವರಿದ್ದಾರೆ. ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ, ಇವರ ಸ್ಕ್ಯಾನಿನ ಕಾಗದ ಹಿಡಿದುಕೊಂಡು.