ಭಾವನವರು ಬೆಲ್ಟ್ ಹಾಕಿಸಿದ್ದು

ನಮ್ಮ ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಕಾರಿನ ವಿಷಯ ಬಂದಾಗಲೆಲ್ಲ ಕೊನೆಯ ಮಾತು ಅವರದ್ದೇ. ಕಲಬುರಗಿಯಲ್ಲಿ ಯಾರೂ ಗ್ಯಾರೇಜಿಗೆ ಒಬ್ಬರೇ ಹೋಗುವುದಿಲ್ಲ. ಜೊತೆಗೊಬ್ಬ ‘ತಿಳಿದವರು’ ಬೇಕು. ಎಮ್ಮೆ ಕೊಳ್ಳಲು, ಪ್ಲಾಟು ನೋಡಲು, ಹೆಣ್ಣು ನೋಡಲು ಹೋಗುವಾಗ ಒಬ್ಬರು ಮುಂದೆ ಕೂತು ಗಂಟಲು ಸರಿ ಮಾಡಿಕೊಳ್ಳುತ್ತಾರಲ್ಲ, ಅಂಥವರು. ಮೆಕ್ಯಾನಿಕ್ಕು ಒಳ್ಳೆಯ ಸಾಮಾನು ತೆಗೆದು ಕೆಟ್ಟದ್ದು ಹಾಕದಂತೆ ಕಾಯುವುದು, ಮೂರು ಸಲ ಚಹಾ ಕುಡಿಯುವುದು, ಕೊನೆಗೆ ಬಿಚ್ಚಿದ ಹಳೆಯ ಸಾಮಾನನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು ಬರುವುದು, ಇಷ್ಟು ಅವರ ಕೆಲಸ. ನಮ್ಮ ಮಾಳಿಗೆಯ ಮೇಲೆ ಭಾವನವರು ಹೀಗೆ ತಂದ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡುಗಳದ್ದು ಒಂದು ಗುಡ್ಡೆಯೇ ಇದೆ. ಗುಜರಿಗೆ ಹಾಕೋಣವೆಂದರೆ ಅವರಿಗೆ ಸಿಟ್ಟು ಬರುತ್ತದೆ.

ಕಾರು ನನ್ನದು. ಸೆಕೆಂಡ್ ಹ್ಯಾಂಡ್, ಬಣ್ಣ ಮಾಸಿದ್ದು, ಆದರೂ ನನ್ನ ಸಂಬಳದಲ್ಲಿ ತೆಗೆದುಕೊಂಡಿದ್ದು. ಕಮಲಾಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ, ಮನೆ ಕಲಬುರಗಿಯಲ್ಲಿ. ದಿನಕ್ಕೆರಡು ಸಲ ಮುಕ್ಕಾಲು ಗಂಟೆಯ ದಾರಿ. ಆ ಮುಕ್ಕಾಲು ಗಂಟೆ ನನ್ನನ್ನು ಯಾರೂ ಟೀಚರ್ ಎಂದು ಕರೆಯುತ್ತಿರಲಿಲ್ಲ, ಯಾರೂ ಅಡುಗೆ ಆಯಿತಾ ಎಂದು ಕೇಳುತ್ತಿರಲಿಲ್ಲ. ಗಾಜು ಏರಿಸಿಕೊಂಡು ಬೇಕಾದ್ದು ಹಾಡಿಕೊಂಡು ಹೋಗುತ್ತಿದ್ದೆ. ಆ ಕಾರೆಂದರೆ ನನಗೆ ಪ್ರಾಣ. ಮನೆಯವರಿಗೆ ಮಾತ್ರ ಅದು ಕಣ್ಣಿಗೆ ಚುಚ್ಚುತ್ತಿತ್ತು. ಹೆಣ್ಣುಮಗಳಿಗೆ ಬಸ್ಸು ಸಾಲದೇ ಎನ್ನುವುದು ಭಾವನವರ ಮಾತು. ಅವರು ಆಗಲೇ ಒಬ್ಬ ಗಿರಾಕಿಯನ್ನೂ ಹುಡುಕಿಟ್ಟಿದ್ದರು. ಇನ್ನೊಮ್ಮೆ ಕೈಕೊಟ್ಟರೆ ಮಾರುವುದೇ ಎಂದು ನನ್ನ ಗಂಡ ಅಣ್ಣನ ಮುಂದೆ ತಲೆಯಾಡಿಸಿ ಬಂದಿದ್ದರು. ನನ್ನನ್ನು ಯಾರೂ ಕೇಳಲಿಲ್ಲ.

ಅದು ಕೈಕೊಟ್ಟದ್ದು ಕಮಲಾಪುರದಲ್ಲೇ. ಎಂಜಿನ್ನಿನಿಂದ ಟಕಟಕ ಸದ್ದು, ಎಷ್ಟು ಒತ್ತಿದರೂ ಎಳೆಯುವುದಿಲ್ಲ. ಶಾಲೆಯ ಹತ್ತಿರದ ಗ್ಯಾರೇಜಿಗೆ ತಳ್ಳಿಸಿದೆ. ಮೆಕ್ಯಾನಿಕ್ಕು ಮೂವತ್ತರ ಆಸುಪಾಸಿನವನು, ದವಡೆಯಲ್ಲಿ ಸದಾ ಗುಟಕಾ. ಮೇಲಿನ ಮುಚ್ಚಳ ಬಿಚ್ಚಿ ಇಣುಕಿ, ಪಕ್ಕಕ್ಕೆ ಉಗಿದು, “ಕ್ಯಾಮ್ ಶಾಫ್ಟ್ ಸವದು ಹೋಗ್ಯಾದರೀ ಮೇಡಂ, ಹೊಸಾದು ಹಾಕಬೇಕು” ಎಂದ.

ಕ್ಯಾಮ್ ಶಾಫ್ಟ್ ಅಂದರೆ ಎಂಜಿನ್ನಿನ ತಲೆಯಲ್ಲಿ ಅಡ್ಡ ಮಲಗಿದ ಉಕ್ಕಿನ ಸಲಾಕೆ. ಅದರ ಮೈಮೇಲಿನ ಉಬ್ಬುಗಳು ತಿರುಗುತ್ತ ವಾಲ್ವುಗಳನ್ನು ಒತ್ತುತ್ತವೆ. ಅದನ್ನು ತಿರುಗಿಸುವುದು ಕೆಳಗಿನ ಗಾಲಿಯಿಂದ ಮೇಲಿನ ಗಾಲಿಗೆ ಹೋದ, ಹಲ್ಲುಗಳಿರುವ ರಬ್ಬರ್ ಬೆಲ್ಟು. ಶಾಫ್ಟು ಬದಲಿಸಬೇಕೆಂದರೆ ಬೆಲ್ಟು ಬಿಚ್ಚಬೇಕು. ಮತ್ತೆ ಹಾಕುವಾಗ ಎರಡೂ ಗಾಲಿಗಳ ಗುರುತು ಎಂಜಿನ್ನಿನ ಮೇಲಿನ ಗುರುತಿಗೆ ಕೂಡಬೇಕು. ಹಲ್ಲು ತಪ್ಪಿತೋ, ಕೆಳಗಿಳಿದ ವಾಲ್ವಿಗೆ ಮೇಲೆ ಬಂದ ಪಿಸ್ಟನ್ ಬಡಿಯುತ್ತದೆ, ಎಂಜಿನ್ನಿನ ಕಥೆ ಮುಗಿಯಿತು. ಇದು ನನಗೆ ಹೇಗೆ ಗೊತ್ತೆಂದರೆ, ಎರಡು ವರ್ಷದ ಹಿಂದೆ ಸ್ಟೇಶನ್ ಬಜಾರದ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕ ಉಸ್ತಾದರು ಬೆಲ್ಟು ಹಾಕುವಾಗ ನಾನು ಇಡೀ ದಿನ ನಿಂತು ನೋಡಿದ್ದೆ. ಕೆಳಗಿನ ಗಾಲಿಯಲ್ಲಿ ಒಂದು ಸೀಳಿದೆ, ಪಕ್ಕದಲ್ಲಿ ಸಣ್ಣದೊಂದು ಚುಕ್ಕಿಯಿದೆ. “ಸೀಳು ನೋಡಿ ಮೋಸ ಹೋಗೋರೇ ಜಾಸ್ತಿ ಟೀಚರಮ್ಮಾ, ನಮಗ ಬೇಕಾದ್ದು ಚುಕ್ಕಿ” ಎಂದು ಅವರು ನನ್ನ ಬೆರಳನ್ನೇ ಅದರ ಮೇಲೆ ಇಡಿಸಿದ್ದರು. ಕೈಯಿಂದ ಎರಡು ಸುತ್ತು ತಿರುವಿ ನೋಡದೆ ಚಾವಿ ಹಚ್ಚಬಾರದು ಎಂದೂ ಹೇಳಿದ್ದರು.

ಇದೊಂದು ಸಲ ನನ್ನ ದುಡ್ಡಿನಲ್ಲೇ ರಿಪೇರಿ ಮಾಡಿಸುತ್ತೇನೆಂದು ಮನೆಯಲ್ಲಿ ಹಟ ಹಿಡಿದೆ. ಭಾನುವಾರ ಹೊಸ ಶಾಫ್ಟು ಬಂತು. ಅದರ ಜೊತೆಗೆ ಭಾವನವರೂ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಅರ್ಧ ಗೊನೆಯಷ್ಟು ಕೆಂಪು ಬಾಳೆಹಣ್ಣು. ಗ್ಯಾರೇಜಿನಲ್ಲಿದ್ದ ಒಂದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, “ಹುಷಾರ್ಲೆ ಮಾಡಪಾ, ನಾ ಇಲ್ಲೇ ಕುಂತೀನಿ ನೋಡು” ಎಂದರು. ಮೆಕ್ಯಾನಿಕ್ಕು “ಸಾವಕಾರ್ರ, ನೀವ್ ಇದ್ದ ಮ್ಯಾಲ ಏನ್ ಚಿಂತಿರೀ” ಎಂದು ಹಲ್ಲು ಕಿರಿದ. ಇಬ್ಬರದೂ ಒಳ್ಳೆಯ ಜೋಡಿ ಎನಿಸಿತು. ಒಬ್ಬನಿಗೆ ಕೆಲಸ ಅರ್ಧ ಗೊತ್ತು, ಇನ್ನೊಬ್ಬರಿಗೆ ಬಾಳೆಹಣ್ಣು ಸುಲಿಯುವುದು ಗೊತ್ತು. ರಜೆಯ ದಿನವಾದ್ದರಿಂದ ಐದಾರು ಜನ ಸುಮ್ಮನೆ ನೋಡಲು ಸೇರಿದ್ದರು.

ಶಾಫ್ಟು ಕೂತಿತು. ಬೆಲ್ಟು ಏರಿಸುವಾಗ ನಾನು ಬಗ್ಗಿ ನೋಡಿದೆ. ಅವನು ಸೀಳನ್ನೇ ಗುರುತಿಗೆ ಕೂಡಿಸಿದ್ದ.

“ಅದಲ್ರೀ,” ಎಂದೆ. “ಬಾಜೂಕ ಸಣ್ಣ ಚುಕ್ಕಿ ಅದ ನೋಡ್ರಿ, ಅದನ್ನ ಕೂಡಿಸಬೇಕು.”

ಭಾವನವರು ಬಾಯಲ್ಲಿ ಹಣ್ಣಿಟ್ಟುಕೊಂಡೇ ನಕ್ಕರು. “ಏ, ನೀ ಯಾಕ ಇದರಾಗ ಬರ್ತೀಯವ್ವಾ? ಇದು ಬೋರ್ಡಿನ ಮ್ಯಾಲ ಬರಿಯೋ ಲೆಕ್ಕ ಅಲ್ಲ. ಹೋಗಿ ನೆಳ್ಳಿಗೆ ನಿಂದ್ರು.” ನಿಂತವರು ನಕ್ಕರು. ಮೆಕ್ಯಾನಿಕ್ಕೂ ನಕ್ಕ.

ಥೂ, ಎನಿಸಿತು. ಹೋಗಿ ಬೇವಿನ ಮರದ ಕೆಳಗೆ ನಿಂತೆ. ಸ್ಟೇರಿಂಗ್ ಹಿಡಿಯಲು ಬಾರದ ಮನುಷ್ಯ ನನ್ನ ಕಾರಿನ ಪಕ್ಕದಲ್ಲಿ ಸಿಪ್ಪೆ ಎಸೆಯುತ್ತ ನನಗೆ ನೆರಳು ತೋರಿಸುತ್ತಾನಲ್ಲ! ಮದುವೆಯಾಗಿ ಬಂದ ದಿನದಿಂದ ಈ ಮನುಷ್ಯನ ಒಂದು ಮಾತಾದರೂ ನಾಲ್ಕು ಜನರ ಮುಂದೆ ಸುಳ್ಳಾಗಬೇಕೆಂದು ಕಾದಿದ್ದೆ. ಇವತ್ತು ಆಗಲಿ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಮೆಕ್ಯಾನಿಕ್ಕು ಎದ್ದ. ಬೋಲ್ಟು ಬಿಗಿಯುವ ಪಾನಾ ಹಿಡಿದು ಹಾಗೇ ನಿಂತ. ಮತ್ತೊಮ್ಮೆ ಬಗ್ಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಮೇಡಂ, ಅವಾಗ ಏನೋ ಚುಕ್ಕಿ ಅಂದ್ರಲ್ಲರೀ?”

ಅವನ ಮುಖದಲ್ಲಿ ನಗು ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದ. ನಾಲ್ಕು ಹೆಜ್ಜೆ ನಡೆದು ಹೋಗಿ ಬೆರಳು ಇಟ್ಟು ತೋರಿಸಿದ್ದರೆ ಸಾಕಿತ್ತು.

“ಏನಿಲ್ರೀ,” ಎಂದೆ. “ನಿಮಗ ಗೊತ್ತಿರ್ತದಲ್ಲ.”

“ಹಂಗಾದ್ರ ಕೈಲೆ ಎರಡು ಸುತ್ತು ತಿರುವಿ ನೋಡ್ತೀನಿ ತಡೀರಿ” ಎಂದ.

“ಇನ್ನೆಷ್ಟೊತ್ತಲೇ? ಊಟದ ಹೊತ್ತಾತು,” ಎಂದು ಭಾವನವರು ಎದ್ದರು. “ಚಾವಿ ಕೊಡು ಇಲ್ಲಿ, ನಾ ಚಾಲೂ ಮಾಡ್ತೀನಿ.”

ಚಾವಿ ನನ್ನ ಪರ್ಸಿನಲ್ಲಿತ್ತು. ತೆಗೆದು ಕೊಟ್ಟೆ.

ಖಟಾರ್ ಎಂದು ಒಂದು ಸದ್ದು, ಮತ್ತೆ ಖಟ್ ಖಟ್, ಆಮೇಲೆ ಏನೂ ಇಲ್ಲ. ನಾನು ಕಾರನ್ನು ನೋಡಲಿಲ್ಲ. ಭಾವನವರ ಮುಖವನ್ನೇ ನೋಡುತ್ತಿದ್ದೆ. ಈಗ ಬಣ್ಣ ಹೋಗುತ್ತದೆ, ಈಗ ತಲೆ ತಗ್ಗುತ್ತದೆ ಎಂದು ಕಾದೆ. ಅವರು ಕಾರಿನಿಂದ ಇಳಿದು, ಅಂಗಿ ಜಾಡಿಸಿಕೊಂಡು, “ನಾ ಹೇಳಿರ್ಲಿಲ್ಲೇನು, ಈ ಗಾಡಿದಾಗ ದಮ್ಮಿಲ್ಲ ಅಂತ?” ಎಂದರು. ನಿಂತವರು ಹೌದ್ಹೌದು ಎಂದರು. ಎಂಥ ಜನ! ನಾಚಿಕೆ ಎಂಬುದು ಇದ್ದವರನ್ನಲ್ಲವೇ ನಾಚಿಸಲಾಗುವುದು.

ತಲೆ ತಗ್ಗಿಸಿದ್ದು ಮೆಕ್ಯಾನಿಕ್ಕು. ಕುಕ್ಕರಗಾಲಿನಲ್ಲಿ ಕೂತು, ಆ ಚುಕ್ಕಿಯನ್ನು ಬೆರಳಿನಿಂದ ಒರೆಸಿ ಒರೆಸಿ ನೋಡುತ್ತಿದ್ದ. “ನಂದೇ ತಪ್ಪರೀ. ಹೆಡ್ ಬಿಚ್ಚಿ, ವಾಲ್ವ್ ಹಾಕಿ ನಾನೇ ಸರಿ ಮಾಡಿ ಕೊಡ್ತೀನಿ” ಎಂದು ಕೈ ಮುಗಿದ. ಭಾವನವರು ಅಷ್ಟೂ ಜನರ ಮುಂದೆ ಅವನಿಗೆ ಬಾಯಿಗೆ ಬಂದಂತೆ ಬೈದರು. ಅವನು ಎದುರಾಡಲಿಲ್ಲ. ಅವಸರ ಮಾಡಿದ್ದು ಯಾರೆಂದು ನಾನೂ ಹೇಳಲಿಲ್ಲ. ಅದೇ ವಾರ ಗಿರಾಕಿ ಬಂದು ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಅಣ್ಣ ಮೊದಲೇ ಹೇಳಿದ್ದ ಎಂದು ನನ್ನ ಗಂಡ ಮೂರು ಸಲ ಅಂದರು.

ಈಗ ನಾನು ಬಸ್ಸಿಗೆ ಹೋಗುತ್ತೇನೆ. ಹೋದ ತಿಂಗಳು ಸಂತೆಯ ದಿನ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗದ್ದಲದಲ್ಲಿ ಯಾರೋ ಮೇಡಂ ಎಂದರು. ಅದೇ ಮೆಕ್ಯಾನಿಕ್ಕು. ಬಾಯಲ್ಲಿದ್ದುದನ್ನು ದೂರ ಹೋಗಿ ಉಗಿದು ಬಂದು ನಿಂತ.

“ಅವತ್ತ ನಿಮ್ಮ ಮಾತು ಕೇಳಬೇಕಾಗಿತ್ರೀ ಮೇಡಂ. ನಾನೂ ಅವರ ಜೋಡಿ ನಕ್ಕೆ. ನಿಮ್ಮ ಗಾಡಿ ನನ್ನಿಂದ ಹೋತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

ಅವನು ನೆಲ ನೋಡುತ್ತಿದ್ದ. ನಾನು ಹೇಳಬೇಕಾದ ಮಾತು ಒಂದೇ ಇತ್ತು: ನೀನು ಕೇಳಿದಾಗ ಗೊತ್ತಿದ್ದೂ ನಾನು ತೋರಿಸಲಿಲ್ಲ ಎಂದು.

“ಇರ್ಲಿ ಬಿಡ್ರಿ,” ಎಂದೆ, ತಪ್ಪು ಒಪ್ಪಿಕೊಂಡ ಹುಡುಗನಿಗೆ ಕ್ಲಾಸಿನಲ್ಲಿ ಹೇಳುವ ಹಾಗೆ. “ಮನುಷ್ಯರ ಕೈಲೇ ತಪ್ಪಾಗೋದು.”

“ನೀವು ದೊಡ್ಡ ಮನಸಿನವ್ರು ಮೇಡಂ” ಎಂದ. ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. ಅವನು ಎಲ್ಲರಿಗಿಂತ ಮುಂದೆ ಓಡಿ, ಹೆಗಲ ಮೇಲಿನ ಟವೆಲನ್ನು ಕಿಟಕಿಯೊಳಗೆ ಎಸೆದು ನನಗೆ ಸೀಟು ಹಿಡಿದ. ನಾನು ಹತ್ತಿ, ಟವೆಲನ್ನು ಕಿಟಕಿಯಿಂದ ಅವನಿಗೆ ಕೊಟ್ಟು, ಅಲ್ಲಿ ಕೂತೆ.