ಮೆಷಿನ್ನಿನ ಹೊಟ್ಟೆಯಲ್ಲಿ ಮಡಿಪಂಚೆ

ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಆರತಿ ಎತ್ತಿದವರು ನನ್ನ ಮಾವನೇ. ಕೊಪ್ಪ ಪೇಟೆಯಲ್ಲಿ ಯಾರ ಮನೆಯಲ್ಲಿ ಹೋಮವಾಗಲಿ, ಗೃಹಪ್ರವೇಶವಾಗಲಿ, ಕರೆ ಬರುವುದು ಅವರಿಗೆ. ಅಂಥವರು ಸ್ವಂತ ಮನೆಯ ಮೆಷಿನ್ನಿಗೆ ಮಂತ್ರ ಹೇಳದೆ ಬಿಡುತ್ತಾರೆಯೇ? ಮಂತ್ರ ಮುಗಿಸಿ, ಉಳಿದ ಅಕ್ಷತೆಯನ್ನು ಅದರ ನೆತ್ತಿಯ ಮೇಲೆ ಹಾಕಿ, "ನನ್ನ ಬಟ್ಟೆ ಮಾತ್ರ ಇದ್ರೊಳಗೆ ಹಾಕೂದು ಬೇಡ" ಎಂದರು.

ಕಾರಣವನ್ನು ನಾವು ಕೇಳಲಿಲ್ಲ. ಕೇಳದಿದ್ದರೂ ಹೇಳುವುದು ಅವರ ಅಭ್ಯಾಸ. "ಸೊಸೆಯ ಚೂಡಿದಾರ, ಮಗನ ಪ್ಯಾಂಟು, ಹಾಸಿಗೆ ಹೊದಿಕೆ, ಎಲ್ಲಾ ಒಟ್ಟಿಗೆ ತಿರುಗೂ ಡಬ್ಬ ಇದು. ಇದ್ರಲ್ಲಿ ಮಡಿ ಎಲ್ಲಿಂದ ಬರ್ತದೆ?"

ಅವರ ಮಡಿಯ ಕ್ರಮ ಹೀಗೆ. ಸ್ನಾನ ಮಾಡಿದವರು ಪಂಚೆಯನ್ನು ಒಗೆದು, ಜಾಲಿಸಿ, ಕೋಲಿನಿಂದ ಎತ್ತಿ ಎತ್ತರದ ಗಳುವಿನ ಮೇಲೆ ಹರವಬೇಕು. ಆಮೇಲೆ ಯಾರೂ ಮುಟ್ಟಬಾರದು. ಮರುದಿನ ಅವರೇ ಅದೇ ಕೋಲಿನಿಂದ ಇಳಿಸಿ ಉಟ್ಟುಕೊಳ್ಳುತ್ತಾರೆ. ಇಷ್ಟು ದೊಡ್ಡ ಶಾಸ್ತ್ರದಲ್ಲಿ ಒಗೆಯುವ ಕೆಲಸಕ್ಕೆ ಸಿಕ್ಕಿದ್ದು ಒಂದೇ ಒಂದು ಮಾತು. ಆ ಒಂದು ಮಾತನ್ನು ನನ್ನ ಅತ್ತೆ ಮದುವೆಯಾದ ಲಾಗಾಯ್ತಿನಿಂದ ಕಲ್ಲಿನ ಮೇಲೆ ಕುಕ್ಕುತ್ತಾ ಬಂದಿದ್ದರು.

ಮೆಷಿನ್ ತಂದದ್ದೇ ಅತ್ತೆಯ ಕೈಗಾಗಿ. ಅವರ ಬಲಗೈಯ ಮಣಿಕಟ್ಟು ಊದಿಕೊಂಡು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವಂತಾಗಿತ್ತು. ಡಾಕ್ಟರು ಒತ್ತಿ ನೋಡಿ, "ಅಮ್ಮಾ, ಬಟ್ಟೆ ಹಿಂಡೂದು ಬಿಟ್ಬಿಡಿ. ಇಲ್ದಿದ್ರೆ ಈ ಕೈ ಇನ್ನು ನಿಮ್ಮ ಮಾತು ಕೇಳೂದಿಲ್ಲ" ಎಂದಿದ್ದರು. ಮಾವ ಡಾಕ್ಟರ ಮಾತಿಗೆ ಬಹಳ ಮರ್ಯಾದೆ ಕೊಟ್ಟರು. "ಹಾಗಾದ್ರೆ ಹಿಂಡಬೇಡ, ಹಾಗೇ ಹರವು" ಎಂದು ಅಪ್ಪಣೆ ಕೊಡಿಸಿದರು. ಹಿಂಡದ ಪಂಚೆ ನಮ್ಮೂರಿನ ಆಷಾಢದಲ್ಲಿ ಒಣಗಬೇಕಾದರೆ ದೀಪಾವಳಿ ಬರಬೇಕು. ಹಸಿ ಪಂಚೆ ಉಟ್ಟು ಮಂತ್ರದ ನಡುವೆ ಸೀನತೊಡಗಿದ ಮೇಲೆ, "ಸ್ವಲ್ಪ ಹಿಂಡಿದ್ರೆ ಎಂತ ಆಗ್ತದೆ?" ಎಂದು ಗೊಣಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಎದ್ದು ಹೋಗಿ ಹಿಂಡಿದರು.

ಹಾಗೆಂದು ಮೆಷಿನ್ನೇನೂ ಸಾಧು ಪ್ರಾಣಿಯಲ್ಲ. ಒಗೆಯುವುದು, ಒಣಗಿಸುವುದು ಎರಡನ್ನೂ ಒಂದೇ ಹೊಟ್ಟೆಯಲ್ಲಿ ಮಾಡುತ್ತದೆ ಎಂದು ಅಂಗಡಿಯವನು ಹೊಗಳಿದ್ದೇ ಹೊಗಳಿದ್ದು. ನಮ್ಮ ಬಚ್ಚಲಿನ ನೆಲ ನೀರು ಹೋಗಲೆಂದು ಇಳಿಜಾರಾಗಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ನಮಗೆ ನೆನಪಿರಲಿಲ್ಲ. ಬಟ್ಟೆ ಹಿಂಡುವ ಹೊತ್ತಿಗೆ ಮೆಷಿನ್ನು ಗಡಗಡ ನಡುಗುತ್ತಾ ಬಾಗಿಲ ಕಡೆ ಹೊರಟೇಬಿಡುತ್ತಿತ್ತು. ನನ್ನ ಯಜಮಾನರು ಅದರ ಕಾಲಿಗೆ ಅಡಿಕೆ ಮರ ಸೀಳಿದ ದಬ್ಬೆಯ ತುಂಡು ಕೊಟ್ಟು ನಿಲ್ಲಿಸಿದರು. ವೋಲ್ಟೇಜ್ ಇಳಿದರೆ ದೀಪ ಮಿಣುಕಿಸಿ ಮುನಿಸಿಕೊಂಡು ನಿಲ್ಲುತ್ತಿತ್ತು. ಅದಕ್ಕೊಂದು ಸ್ಟೆಬಿಲೈಸರ್ ಬಂತು. ಪೈಪಿನ ಬಾಯಿಯ ಜಾಲರಿಯಲ್ಲಿ ಕೆಂಪು ಮಣ್ಣು ಕೂತು ನೀರು ಬರುವುದು ನಿಂತಿತು. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದಾಯಿತು. ಸೋಪಿನ ಪುಡಿ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಬೆಳ್ಳಗಾಗುತ್ತದೆ ಎಂಬುದು ನನ್ನ ಯಜಮಾನರ ಸಿದ್ಧಾಂತ. ಆ ಸಿದ್ಧಾಂತ ಒಂದು ಭಾನುವಾರ ನೊರೆಯಾಗಿ ಉಕ್ಕಿ ಅಡುಗೆಮನೆಯವರೆಗೂ ಬಂತು. ಒಣಗಿಸುವ ಗುಂಡಿ ಒತ್ತಿ ನನ್ನ ಉಣ್ಣೆ ಸ್ವೆಟರನ್ನು ತೊಟ್ಟಿಲ ಮಗುವಿನ ಅಳತೆಗೆ ತಂದುಕೊಟ್ಟವರೂ ಅವರೇ. ಜೊತೆಗೆ ಬಂದ ಪುಸ್ತಕವನ್ನು ಮಾತ್ರ ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದಿರಲಿಲ್ಲ. ಗಂಡಸರು ಅದನ್ನೆಲ್ಲ ಓದುವುದಿಲ್ಲವಂತೆ.

ನಾನು ನರಸಿಂಹರಾಜಪುರದ ಶಾಲೆಯಲ್ಲಿ ಪಾಠ ಹೇಳುವವಳು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ಒಂದು ದಿನ ಮಳೆಯಿಂದಾಗಿ ಶಾಲೆಗೆ ರಜಾ ಕೊಟ್ಟರೆಂದು ಅರ್ಧ ದಾರಿಯಿಂದಲೇ ತಿರುಗಿ ಬಂದೆ. ಮಾವ ಯಾರದೋ ಮನೆಯ ಪೂಜೆಗೆ ಹೋಗಿದ್ದರು. ಬಚ್ಚಲಲ್ಲಿ ಅತ್ತೆ ಮೆಷಿನ್ನಿನ ಮುಂದೆ ಮಣೆ ಹಾಕಿಕೊಂಡು ಕೂತು, ಅದರ ಗುಂಡು ಗಾಜಿನೊಳಗೆ ನೋಡುತ್ತಿದ್ದರು. ಒಳಗೆ ಮಾವನ ಕೆಂಪು ಅಂಚಿನ ಪಂಚೆ ಗಿರಗಿರ ತಿರುಗುತ್ತಿತ್ತು.

"ಅಲ್ನೋಡೇ, ಎಷ್ಟು ಚಂದ ಹಿಂಡ್ತದೆ" ಎಂದರು, ಹೆದರಲೂ ಇಲ್ಲ.

"ಮಡಿ ಎಂತ ಆಯ್ತು ಅತ್ತೆ?"

"ಮೊದ್ಲು ಖಾಲಿ ಒಂದು ಸಲ ಬಿಸಿನೀರಲ್ಲಿ ತಿರುಗಿಸ್ತೀನಿ ಮಾರಾಯ್ತಿ. ಮೆಷಿನ್ನಿಗೂ ಸ್ನಾನ ಆಯ್ತಲ್ಲ. ನಂದೂ ಆಗಿರ್ತದೆ. ಇನ್ನೆಂತ ಬೇಕು ಅವ್ರಿಗೆ?"

ಮಾವನ ಬಟ್ಟೆಯನ್ನೆಲ್ಲ ಬೇರೆಯಾಗಿ ಹಾಕುತ್ತಿದ್ದರು, ಪಂಚೆಯಿಂದ ಹಿಡಿದು ಬನಿಯನ್ನಿನವರೆಗೆ. ತೆಗೆದ ಪಂಚೆಯನ್ನು ಕೋಲಿನಿಂದ ಗಳುವಿಗೆ ಏರಿಸಿ, ಚೊಂಬಿನಿಂದ ನಾಲ್ಕು ಹನಿ ಅದರ ಅಂಚಿಗೆ ಚಿಮುಕಿಸುತ್ತಿದ್ದರು, ಮಾವ ಬಂದು ತಲೆಯೆತ್ತಿ ನೋಡಿದಾಗ ತೊಟ್ಟಿಕ್ಕುತ್ತಿರಲಿ ಎಂದು. ಮಾವ ಬಂದು ತಲೆಯೆತ್ತಿ ನೋಡಿಯೇ ನೋಡುತ್ತಿದ್ದರು. ಅಷ್ಟೇ ಅಲ್ಲ, ಮನೆಗೆ ಬಂದವರ ಮುಂದೆ ಪಂಚೆಯ ಚುಂಗು ಹಿಡಿದು ತೋರಿಸಿ, "ಕೈಯಲ್ಲಿ ಒಗೆದದ್ರ ಕಳೆಯೇ ಬೇರೆ. ಮೆಷಿನ್ನಲ್ಲಿ ಹಾಕಿದ್ರೆ ಹೀಗೆ ಬರ್ತದಾ?" ಎನ್ನುತ್ತಿದ್ದರು. ಆಗ ಅತ್ತೆಯ ಮುಖ ನೋಡಬೇಕಿತ್ತು. ಕಾಫಿ ಕೊಟ್ಟು ಒಳಗೆ ಬಂದು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ನಾಲ್ಕು ತಿಂಗಳಲ್ಲಿ ಮಣಿಕಟ್ಟಿನ ಊತ ಇಳಿದು, ಲೋಟ ಒಂದೇ ಕೈಗೆ ಬಂತು. ನನಗೆ ಅದಕ್ಕಿಂತ ದೊಡ್ಡ ಪುಣ್ಯ ಬೇಕಿರಲಿಲ್ಲ.

ಆಮೇಲೆ ಕೀಲಿಕೈ ಕಳೆಯಿತು. ದೇವರ ಕೋಣೆಯ ಮರದ ಪೆಟ್ಟಿಗೆಯಲ್ಲಿ ಪೂಜೆಯ ಬೆಳ್ಳಿ ಪಾತ್ರೆಗಳಿವೆ. ಅದರ ಕೀಲಿಕೈಯನ್ನು ಮಾವ ತಮ್ಮ ಜನಿವಾರಕ್ಕೆ ಗಂಟು ಹಾಕಿಕೊಂಡಿರುತ್ತಿದ್ದರು, ನಮ್ಮ ಕಡೆಯ ಹಳಬರು ಮಾಡುವಂತೆ. ಶೃಂಗೇರಿಗೆ ಹೋಗಿ ಮಳೆಯಲ್ಲಿ ನೆನೆದು ಬಂದ ಮಾರನೆಯ ಬೆಳಿಗ್ಗೆ ಜಗಲಿಗೆ ಬಂದು, "ಪೆಟ್ಟಿಗೆ ಕೀಲಿ ಯಾರು ತೆಗೆದ್ರಿ?" ಎಂದರು.

"ಅದು ನಿಮ್ಮ ಜನಿವಾರದಲ್ಲೇ ಇರ್ತದಲ್ಲ ಅಪ್ಪಯ್ಯ?" ಎಂದರು ನನ್ನ ಯಜಮಾನರು.

"ಬಿಚ್ಚಿ ಕಿಟಕಿ ಮೇಲೆ ಇಟ್ಟಿದ್ದೆ. ಇವ್ಳು ಗುಡಿಸಿ ಹೊರಗೆ ಹಾಕಿರ್ಬೇಕು. ಯಾವುದ್ರ ಮೇಲೂ ನಿಗಾ ಇಲ್ಲ ಇವ್ಳಿಗೆ."

ಅವತ್ತಿನಿಂದ ತಾಮ್ರದ ಪಾತ್ರೆಯಲ್ಲಿ ಪೂಜೆ. ಒಂದೊಂದು ಉದ್ಧರಣೆ ನೀರು ಬಿಡುವಾಗಲೂ ಅಡುಗೆಮನೆಯ ಕಡೆ ಒಂದು ನೋಟ. ಅತ್ತೆ ಹಿಟ್ಟಿನ ಡಬ್ಬಿಯಿಂದ ಕಸದ ಗುಂಡಿಯವರೆಗೆ ಹುಡುಕದ ಜಾಗವಿಲ್ಲ. ಒಂದು ದಿನ ಕಸ ಕೆದಕುತ್ತಾ ಕಣ್ಣೊರೆಸಿಕೊಳ್ಳುವುದನ್ನು ಕಂಡೆ. ನನಗೂ ಅಳು ಬಂತು, ಸಿಟ್ಟಿಗೆ.

ಅದೇ ದಿನಗಳಲ್ಲಿ ಮೆಷಿನ್ನು ನೀರು ಬಿಡುವಾಗ ಕಟಕಟ ಎನ್ನಲು ಶುರು ಮಾಡಿತ್ತು. ಹೊಸದರಲ್ಲಿ ನಡೆದಾಡಿದ್ದನ್ನೇ ಸಹಿಸಿದ್ದ ನಾವು ಈ ಶಬ್ದವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬರಬರುತ್ತಾ ನೀರು ಹೋಗುವುದು ನಿಧಾನವಾಯಿತು. ಬಟ್ಟೆ ಒದ್ದೆಯಾಗಿಯೇ ಉಳಿದು, ಒಣಗಿಸಲು ಬಿಟ್ಟರೆ ಕಡುಬಿನಂತೆ ಹಬೆಯಾಡುತ್ತಾ ಹೊರಗೆ ಬರುತ್ತಿತ್ತು. ಕಡೆಗೊಂದು ಶನಿವಾರ ಅರ್ಧ ಹೊಟ್ಟೆ ನೀರು ತುಂಬಿಕೊಂಡು, ಕೆಂಪು ದೀಪ ಮಿಣುಕಿಸಿ ನಿಂತೇಬಿಟ್ಟಿತು. ಬಾಗಿಲು ತೆಗೆಯಲು ಬರುವುದಿಲ್ಲ. ಒಳಗೆ ಮಾವನ ಪಂಚೆ.

ಅತ್ತೆ ಗಾಜಿನ ಮೇಲೆ ಒಂದು ಟವೆಲ್ ಇಳಿಬಿಟ್ಟರು. ನಾನು ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಅತ್ತಲಿನ ಹುಡುಗಿ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ, ಸ್ವಿಚ್ ಆರಿಸಿ ಮತ್ತೆ ಹಾಕಿ ನೋಡಿ ಎಂದಳು. ಹಾಕಿದೆ. ಮತ್ತೆ ಮಿಣುಕಿತು. ಪೇಟೆಯ ರಿಪೇರಿಯವನು, "ನೆಮ್ಮಾರ್ ಬದಿ ಇದೀನಿ ಅಕ್ಕಾ, ಸೋಮವಾರ ಬತ್ತೀನಿ" ಎಂದ.

ಮಾವನಿಗೆ ಮಾತ್ರ ಹಬ್ಬ. "ನಾನು ಅವತ್ತೇ ಹೇಳಿದ್ದೆ. ಇದು ನಮ್ಮಂಥವ್ರ ಮನೆಗೆ ಆಗಿ ಬರೂದಲ್ಲ. ಬಸರೀಕಟ್ಟೆ ತಂಗಿ ಮನೆಯ ಜೀಪು ನಾಳೆ ಪೇಟೆಗೆ ಬರ್ತದೆ, ಹಾಕಿ ಕಳಿಸುವ. ಅವ್ರು ಬೇಕಾದ್ರೆ ರಿಪೇರಿ ಮಾಡಿಸ್ಕಳ್ಲಿ" ಎಂದು ಫೋನ್ ಮಾಡಿಯೇಬಿಟ್ಟರು. ಕೆಟ್ಟ ಮೆಷಿನ್ನನ್ನು ತಂಗಿಗೆ ಉಡುಗೊರೆ ಕೊಡುವ ಅಣ್ಣ ಎಲ್ಲರಿಗೂ ಸಿಗುವುದಿಲ್ಲ. ನನ್ನ ಯಜಮಾನರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಪ್ಪನ ಎದುರು ಅವರು ಯಾವಾಗಲೂ ಹಾಗೆಯೇ.

"ಪಂಚೆ ಸಿಕ್ಕಿಬಿದ್ರೆ ಬೈಸ್ಕಳ್ತೀನಿ, ಅದೇನೂ ಹೊಸದಲ್ಲ" ಎಂದರು ಅತ್ತೆ ಬಚ್ಚಲಲ್ಲಿ, ಮೆಲ್ಲಗೆ. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡಿದ್ದರು. "ಮತ್ತೆ ಕಲ್ಲಿಗೇ ಹೋಗ್ಬೇಕಲ್ಲೇ."

ಆ ಮಾತು ನನ್ನನ್ನು ಕೂರಗೊಡಲಿಲ್ಲ. ಭಾನುವಾರ ಬೆಳಿಗ್ಗೆ ಜೀಪು ಬರುವ ಮೊದಲೇ ಪ್ಲಾಸ್ಟಿಕ್ ಕವರು ಹರಿದು ಪುಸ್ತಕ ತೆಗೆದೆ. ನೀರು ಹೋಗದಿದ್ದರೆ ಏನು ಮಾಡಬೇಕು ಎಂಬುದು ಚಿತ್ರದ ಸಮೇತ ಅದರಲ್ಲಿತ್ತು. ಮೆಷಿನ್ನಿನ ಪಾದದ ಹತ್ತಿರ ಒಂದು ಪುಟ್ಟ ಬಾಗಿಲು, ಅದರೊಳಗೊಂದು ತಿರುಗಿಸುವ ಬಿರಡೆ. ಅದೇ ಫಿಲ್ಟರ್. ತಂದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಪ್ಲಗ್ ಕಿತ್ತು, ಬಿರಡೆ ತಿರುಗಿಸಿದೆ. ವಾಸನೆಯ ನೀರು ಭರ್ರನೆ ನುಗ್ಗಿ ನನ್ನ ಸೀರೆಯನ್ನು ಮೊಣಕಾಲಿನವರೆಗೆ ತೋಯಿಸಿತು. ನೀರಿನ ಹಿಂದೆ ಒಂದು ಪಿನ್ನು, ಅಂಗಿಯ ಗುಂಡಿ, ಅಡಿಕೆ ಚೂರು, ಮುದ್ದೆ ಮುದ್ದೆ ನೂಲಿನ ಕಸ. ಇನ್ನೂ ಏನೋ ಒಳಗೆ ಸಿಕ್ಕಿಕೊಂಡಿತ್ತು. ಬೆರಳು ಹಾಕಿ ಎಳೆದೆ. ಉದ್ದಕ್ಕೆ ಬಂದದ್ದು ಜನಿವಾರ. ಅದರ ತುದಿಗೆ ಪೆಟ್ಟಿಗೆಯ ಕೀಲಿಕೈ.

ಅತ್ತೆ ಅದನ್ನು ಮುಟ್ಟಲಿಲ್ಲ. ಬಗ್ಗಿ ಅದರ ಗಂಟು ನೋಡಿದರು.

"ಶೃಂಗೇರಿಯಿಂದ ನೆನ್ಕಂಡು ಬಂದ್ರಲ್ಲ, ಅವತ್ತು ರಾತ್ರಿ ಒದ್ದೆ ಬನಿಯನ್ ಎಳೆದು ಬಿಸಾಕಿದ್ರು. ಅದ್ರ ಜೊತೆಗೇ ಬಂದಿದೆ" ಎಂದರು. "ಮಾರನೇ ದಿನ ಎದೆ ಮೇಲೆ ಬೆಳ್ಳನೆ ಹೊಸ ಜನಿವಾರ ಕಂಡಿತ್ತು. ಯಾಕೆ ಅಂತ ಕೇಳಿದ್ರೆ, ಹಳೇದು ಹರೀತು ಅಂದ್ರು."

ನನಗೆ ನಿಧಾನಕ್ಕೆ ಎಲ್ಲ ಹೊಳೆಯಿತು. ಮೈಮೇಲೆ ಜನಿವಾರ ಇಲ್ಲದಿದ್ದರೆ ಹೊಸದು ಹಾಕಿಕೊಳ್ಳುವವರೆಗೆ ಮಾತಾಡಬಾರದು, ಗುಟುಕು ನೀರು ಕುಡಿಯಬಾರದು ಎಂದು ಊರಿಗೆಲ್ಲ ಹೇಳುವವರು ಇವರು. ಆ ರಾತ್ರಿ ಬರೀ ಮೈಯಲ್ಲಿ ಶಾಲು ಹೊದ್ದು ಹೊಟ್ಟೆ ತುಂಬ ಉಂಡಿದ್ದರು. ಪಕ್ಕದ ಮನೆಯವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಆಚಾರ ಕೆಟ್ಟುಹೋದ ಕಾಲದ ಬಗ್ಗೆ ಉಪದೇಶವನ್ನೂ ಮಾಡಿದ್ದರು. ಬೆಳಿಗ್ಗೆ ಸಂಧ್ಯಾವಂದನೆಗೆ ಕೂತಾಗ ಗೊತ್ತಾಗಿರಬೇಕು. ಕೀಲಿ ಜನಿವಾರದ ಜೊತೆ ಹೋಯಿತು ಎಂದು ಹೇಳಬೇಕಲ್ಲ? ಅದಕ್ಕಿಂತ ಹೆಂಡತಿ ಗುಡಿಸಿ ಹಾಕಿದಳು ಎನ್ನುವುದು ಸಲೀಸು.

ನೀರಿನ ಸದ್ದಿಗೆ ಮಾವ ಬಚ್ಚಲ ಬಾಗಿಲಿಗೆ ಬಂದರು. ನಾನು ಪ್ಲಗ್ ಹಾಕಿದೆ. ಹೊಟ್ಟೆ ಖಾಲಿಯಾಗಿದ್ದ ಮೆಷಿನ್ನು ಟಕ್ ಎಂದು ಬೀಗ ಬಿಟ್ಟಿತು. ಅತ್ತೆ ಟವೆಲ್ ಸರಿಸಿ ಬಾಗಿಲು ತೆಗೆದು, ಕೆಂಪು ಅಂಚಿನ ಪಂಚೆಯನ್ನು ಹೊರಗೆಳೆದು ಬಕೆಟ್ಟಿಗೆ ಹಾಕಿದರು. ಬಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ.

ಮಾವ ಪಂಚೆ ನೋಡಿದರು. ನನ್ನ ಕೈಯಲ್ಲಿ ತೂಗುತ್ತಿದ್ದುದನ್ನೂ ನೋಡಿದರು.

"ಇದು ಎಷ್ಟು ದಿನದಿಂದ?" ಎಂದರು ಪಂಚೆ ತೋರಿಸಿ.

"ನಿಮಗೆ ಕಳೆ ಕಂಡ ದಿನದಿಂದ" ಎಂದರು ಅತ್ತೆ. "ಕೀಲಿ ಸಿಕ್ತು. ಎಲ್ಲಿ ಸಿಕ್ತು ಅಂತ ಮಗನ ಹತ್ರ ಹೇಳೂದಾ, ಬೇಡ್ವಾ?"

ಮಾವ ಗಂಟಲು ಸರಿ ಮಾಡಿಕೊಂಡರು. ಗಂಟಲು ಸರಿ ಮಾಡಿಕೊಂಡರೆ ಶಾಸ್ತ್ರ ಬರುತ್ತದೆ ಎಂದು ನಮಗೆ ಗೊತ್ತು. "ಹರಿಯೂ ನೀರಲ್ಲಿ ಜಾಲಿಸಿದ ಬಟ್ಟೆಗೆ ದೋಷ ಇಲ್ಲ. ಇದಕ್ಕೂ ನೀರು ಒಂದು ಕಡೆ ಬಂದು ಇನ್ನೊಂದು ಕಡೆ ಹೋಗ್ತದಲ್ಲ. ವಿಚಾರ ಮಾಡಿ ನೋಡಿದ್ರೆ, ಹೊಳೆಯ ಲೆಕ್ಕವೇ. ಜೀಪು ಬರೂದು ಬೇಡ ಅಂತ ಹೇಳ್ತೀನಿ."

ನನಗೆ ನಗು ತಡೆಯುವುದು ಕಷ್ಟವಾಯಿತು. ಅತ್ತೆ ನಗಲಿಲ್ಲ.

"ಇಷ್ಟು ಸುಲಭ ಇತ್ತಾ?" ಎಂದರು. "ನನ್ನ ಕೈ ಊದಿದಾಗ ಈ ಹೊಳೆ ಎಲ್ಲಿ ಹೋಗಿತ್ತು?"

ಹಿಂತಿರುಗಿ ಹೊರಟ ಮಾವನನ್ನು ಅತ್ತೆಯೇ ನಿಲ್ಲಿಸಿದರು. "ನಿಲ್ಲಿ. ಮಡಿ ಬಟ್ಟೆ ಅಲ್ವಾ, ನಾನ್ಯಾಕೆ ಮುಟ್ಟೂದು? ನಾಳೆಯಿಂದ ನೀವೇ ಹಾಕ್ಕಳಿ, ನೀವೇ ತೆಕ್ಕಳಿ. ಫಿಲ್ಟರ್ ತೊಳೆಯೂದು ಇವ್ಳು ಹೇಳ್ಕೊಡ್ತಾಳೆ."

ಈಗ ಪೆಟ್ಟಿಗೆಯ ಕೀಲಿ ಅತ್ತೆಯ ಸೊಂಟದಲ್ಲಿದೆ. ಒಗೆಯುವ ಕಲ್ಲಿನ ಮೇಲೆ ತುಳಸಿ ಕುಂಡ ಕೂತಿದೆ. ದಿನಾ ಬೆಳಿಗ್ಗೆ ಮಾವ ಮಣೆಯ ಮೇಲೆ ಕೂತು, ಕನ್ನಡಕ ಏರಿಸಿ, ಗುಂಡು ಗಾಜಿನ ಬಾಗಿಲು ಮುಚ್ಚುತ್ತಾರೆ. ಮುಚ್ಚುವ ಮೊದಲು ಒಂದು ಕೈ ತಾನಾಗಿ ಎಡಭುಜಕ್ಕೆ ಹೋಗಿ ಜನಿವಾರ ಮುಟ್ಟಿ ನೋಡಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಅತ್ತೆ ಒಂದೇ ಕೈಯಲ್ಲಿ ಲೋಟ ಹಿಡಿದು ಕಾಫಿ ಕುಡಿಯುತ್ತಾ, "ಇದೆಯಾ?" ಎಂದು ಕೂಗಿ ಕೇಳುತ್ತಾರೆ.